ಕಾಕಾ ಮಂತ್ರ ಆರಿಸಿದ್ದು

ಬೆಂಕಿ ಉಗುಳುವ ಡ್ರ್ಯಾಗನ್ ಎದುರಿಗೆ ಬಂದು ನಿಂತರೆ ನೀವು ಏನು ಮಾಡುತ್ತೀರಿ? ಓಡುತ್ತೀರಿ, ಇಲ್ಲವೇ ಮನೆದೇವರನ್ನು ನೆನೆಯುತ್ತೀರಿ. ನಮ್ಮ ಕಾಕಾ ಮಾತ್ರ, "ಜರಾ ನಿಂದ್ರು, ಇನ್ನೊಂದು ನಮೂನಿ ತೋರ್ಸು" ಅನ್ನುತ್ತಾರೆ! ಇಡೀ ಹುಮನಾಬಾದಿನಲ್ಲಿ, ಬೇಕಾದರೆ ನಮ್ಮ ಬಸವಕಲ್ಯಾಣವನ್ನೂ ಸೇರಿಸಿಕೊಳ್ಳಿ, ಇಷ್ಟು ಕೆಟ್ಟ ಮಾಂತ್ರಿಕ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಅನುಮಾನ.

ಗಾಬರಿಯಾಗಬೇಡಿ, ಕಾಕಾ ಮಾಟ ಮಾಡುವವರಲ್ಲ. ಹುಮನಾಬಾದಿನ ಬಜಾರಿನಲ್ಲಿ ಸೀರೆ ಅಂಗಡಿ ಇಟ್ಟವರು. ಅವರು ಮಾಂತ್ರಿಕರಾದದ್ದು ನನ್ನ ಮಗಳು ಕಾಲೇಜಿನಲ್ಲಿ ಕಲಿತು ಬಂದ ಒಂದು ಆಟದಲ್ಲಿ. ಒಬ್ಬರು ಕತೆ ಹೇಳುತ್ತ ಹೋಗುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಆ ಕತೆಯೊಳಗೆ ಓಡಾಡುತ್ತಾರೆ. ಹೊಡೆದ ಏಟು ತಾಗಿತೋ ಇಲ್ಲವೋ ಎಂದು ಹೇಳುವುದು ಇಪ್ಪತ್ತು ಮುಖದ ಒಂದು ದಾಳ. ಕತೆ ಹೇಳುವವಳು ನನ್ನ ಮಗಳು. ಅವಳ ಗೆಳತಿ ಆಯೇಶಾ ಖಡ್ಗ ಹಿಡಿದ ವೀರಯೋಧೆ. ಶಾಲೆಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬೇಡಿ, ಕದಿಯಬೇಡಿ ಎಂದು ಪಾಠ ಮಾಡುವ ನನಗೆ ಸಿಕ್ಕಿದ್ದು ಕಳ್ಳನ ಪಾತ್ರ! ಕಾಕಾ ಮಾಂತ್ರಿಕ. ಅಂದರೆ ನಮ್ಮೆಲ್ಲರ ಪ್ರಾಣ ಕಾಕಾನ ಕೈಯಲ್ಲಿ.

ಆಟ ನಡೆಯುವುದು ಭಾನುವಾರಕ್ಕೊಮ್ಮೆ, ಹುಮನಾಬಾದಿನ ಕಾಕಾನ ಮನೆಯಲ್ಲಿ, ಅವರ ಹೆಂಡತಿ ಕಾಕು ಕೂರುವ ದಿವಾನದ ಪಕ್ಕದಲ್ಲಿ. ಅದಕ್ಕೊಂದು ಕಾರಣವಿದೆ. ಅಂಗಡಿಯಲ್ಲಿ ಸೀರೆ ಬಿಚ್ಚಿ ಹಾಸುವುದು ಕಾಕಾನ ಕೆಲಸವಾದರೆ, ಆರಿಸಿಕೊಡುವುದು ಕಾಕುವಿನ ಕೆಲಸ. ಗಾದಿಯ ಮೇಲೆ ಗುಡ್ಡದಷ್ಟು ಸೀರೆ ಬಿದ್ದಿದ್ದರೂ ಕಾಕು ಬಂದವರ ಮುಖವನ್ನು ಒಮ್ಮೆ ನೋಡಿ ಒಂದನ್ನು ಎಳೆದುಕೊಟ್ಟರೆ ಮುಗಿಯಿತು, ಮತ್ತೆ ಮಾತಿಲ್ಲ. ಹುಲಸೂರಿನಿಂದ ಮದುವೆ ಜವಳಿಗೆ ಬಂದವರು, ಕಾಕು ಊಟಕ್ಕೆ ಹೋಗಿದ್ದಾರೆಂದರೆ, ಬರುವತನಕ ಕಾಯುತ್ತ ಕೂರುತ್ತಿದ್ದರು. ಕಾಕಾನ ಆಯ್ಕೆಯನ್ನು ಯಾರೂ ಕೇಳುತ್ತಿರಲಿಲ್ಲ, ಕಾಕಾ ಕೂಡ!

ಅಂಥ ಕಾಕುವಿಗೆ ಹೋದ ವರ್ಷ ಲಕ್ವಾ ಹೊಡೆಯಿತು. ಕಾಲು ಸುಧಾರಿಸಿತು, ಬಲಗೈ ಅಷ್ಟಿಷ್ಟು ಸುಧಾರಿಸಿತು. ಮಾತು ಮಾತ್ರ ಹೋದದ್ದು ಹೋಗಿಯೇಬಿಟ್ಟಿತು. "ಬರ್ತದ್ರಿ, ಬರಂಗಿಲ್ಲ ಅಂತಲ್ಲ. ಆದ್ರ ಮಾತಾಡಬೇಕು ಅಂತ ಅವರಿಗೇ ಅನಸ್ಬೇಕು" ಎಂದರು ಡಾಕ್ಟರು. ಮಾತು ಕಲಿಸಲು ಬಂದ ಹುಡುಗಿ ಬಾಳೆಹಣ್ಣು, ಬೆಕ್ಕು, ಕೊಡೆಗಳ ಚಿತ್ರ ಹಿಡಿದು ಇದೇನು, ಅದೇನು ಎಂದು ಕೇಳಿದಳು. ಬಜಾರನ್ನೇ ಆಳಿದ ಹೆಂಗಸು ಬಾಳೆಹಣ್ಣಿಗೆ ಬಾಯಿ ಬಿಡುತ್ತಾಳೆಯೇ? ಕಾಕು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಅವತ್ತಿನಿಂದ ಯಾರು ಏನು ಕೇಳಿದರೂ ಅಷ್ಟೇ. ಹೀಗೇ ಬಿಟ್ಟರೆ ಕಾಕುವಿನ ದನಿಯನ್ನು ಮತ್ತೆ ಕೇಳುವುದೇ ಇಲ್ಲವೇನೋ ಎಂಬ ಭಯ ನಮ್ಮೆಲ್ಲರಿಗೂ ಇತ್ತು. ಅಂಗಡಿಯನ್ನು ಮಗನಿಗೆ ಒಪ್ಪಿಸಿ ಕಾಕಾ ಮನೆಯಲ್ಲೇ ಉಳಿದರು. ಹುಡುಗಿಯರ ಗದ್ದಲವಾದರೂ ಆಕೆಯ ಕಿವಿಗೆ ಬೀಳಲಿ ಎಂದು, "ಆ ನಿಮ್ಮ ಆಟ ಇಲ್ಲೇ ಬಂದು ಆಡ್ರಿ, ನಾನೂ ಕೂಡ್ತೀನಿ" ಎಂದು ಕರೆದವರು ಕಾಕಾನೇ.

ಕರೆದದ್ದೇನೋ ಕರೆದರು, ಮಂತ್ರ ಆರಿಸಬೇಕಲ್ಲ! ಆಟ ಶುರುವಾಗುವ ಮೊದಲು ಮಾಂತ್ರಿಕ ನಾಲ್ಕು ಮಂತ್ರ ಆರಿಸಿಕೊಳ್ಳಬೇಕು, ಅವತ್ತಿಗೆ ಅವಷ್ಟೇ ಗತಿ. ಮಗಳು ಸೀರೆ ಡಬ್ಬಿಯ ರಟ್ಟು ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಮಂತ್ರವನ್ನು ದಪ್ಪಕ್ಷರದಲ್ಲಿ ಬರೆದು ತಂದಿದ್ದಳು. ಕಾಕಾ ಅವನ್ನೆಲ್ಲ ದಿವಾನದ ಮೇಲೆ, ಕಾಕುವಿನ ಮಗ್ಗುಲಲ್ಲಿ, ಅಂಗಡಿಯ ಗಾದಿಯ ಮೇಲೆ ಹಾಸುವಂತೆಯೇ ಹಾಸಿದರು. ಆಮೇಲೆ ಶುರುವಾಯಿತು ವ್ಯಾಪಾರ.

"ಈ ಬೆಂಕಿ ಉಂಡಿ ಏನ್ ಮಾಡ್ತದವ್ವಾ?"

"ವೈರಿನ್ನ ಸುಡ್ತದ ಮುತ್ಯಾ" ಎಂದಳು ಮಗಳು ತನ್ನ ಅಜ್ಜನಿಗೆ.

"ಬಣ್ಣ ಹೋಗ್ತದೇನು?"

"ವೈರೀನೇ ಹೋಗ್ತಾನ್ರಿ!"

"ಬಾಜೂಕ ಇಡು, ನೋಡಮು. ಇದರಾಗ ಜರಾ ತಿಳಿ ಬಣ್ಣದ ಮಾಲ್ ತೋರ್ಸು."

ಜೀವಮಾನವಿಡೀ ಗಿರಾಕಿಗಳ ಕೈಯಲ್ಲಿ ತಾವು ಪಟ್ಟ ಪಾಡನ್ನೆಲ್ಲ ಕಾಕಾ ನನ್ನ ಮಗಳ ಮೇಲೆ ತೀರಿಸಿಕೊಂಡರು. ಹಾಸಿದ್ದನ್ನೆಲ್ಲ ಮಡಚಿಸಿದರು, ಮಡಚಿದ್ದನ್ನೆಲ್ಲ ಮತ್ತೆ ಬಿಚ್ಚಿಸಿದರು. ನಡುವೆ ಎರಡು ಸಲ ಚಹಾ ಆಯಿತು. "ನಾಲ್ಕರ ಮ್ಯಾಲ ಒಂದು ಹಾಕು, ಮನಿ ಗಿರಾಕಿ ಅದೀನಿ" ಎಂದು ಚೌಕಾಸಿಯನ್ನೂ ಮಾಡಿದರು. ಕೊನೆಗೆ ಆರಿಸಿದ್ದೇನು ಗೊತ್ತೇ? ಹರಿದ ಬಟ್ಟೆ ತಾನೇ ರಫೂ ಆಗುವ ಮಂತ್ರ, ಯಾವುದಕ್ಕೆ ಬೇಕಾದರೂ ಬಣ್ಣ ಹಾಕುವ ಮಂತ್ರ, ಎಮ್ಮೆಯ ಜೊತೆ ಮಾತಾಡುವ ಮಂತ್ರ, ಅತ್ತರಿನ ವಾಸನೆ ಹರಡುವ ಮಂತ್ರ! ಒಂದೊಂದನ್ನೂ ಎತ್ತಿ, ಬೆಳಕಿಗೆ ಹಿಡಿದು, ಕಾಕುವಿನ ಕಣ್ಣ ಮುಂದೆ ಅತ್ತ ಇತ್ತ ತಿರುಗಿಸಿ, "ಇದು ಬರಾಬರ್ ಅದ" ಎಂದು ಜೇಬಿಗಿಳಿಸಿದರು. ಕಾಕುವಿನ ಹುಬ್ಬು ಗಂಟಾದದ್ದು ಕಂಡಿತು. ಕಿಟಕಿಯ ಬಿಸಿಲು ಕಣ್ಣಿಗೆ ಬಿತ್ತೇನೋ ಎಂದು ನಾನು ಪರದೆ ಎಳೆದೆ.

ಅವತ್ತಿನ ಕತೆಯಲ್ಲಿ ತೋಳಗಳ ಹಿಂಡು ನಮ್ಮನ್ನು ಸುತ್ತುವರಿಯಿತು. ಆಯೇಶಾ ಖಡ್ಗ ಬೀಸಿದಳು, ನಾನು ಕಳ್ಳನ ಧರ್ಮಕ್ಕೆ ತಕ್ಕಂತೆ ಮರ ಹತ್ತಿದೆ. ಕಾಕಾ ದಾಳ ಉರುಳಿಸಿ, ಅಷ್ಟೂ ತೋಳಗಳಿಗೆ ರಾಮಾ ಗ್ರೀನ್ ಬಣ್ಣ ಹಾಕಿದರು. "ಈಗ ನೋಡು, ಕಣ್ಣಿಗಿ ಹ್ಯಾಂಗ ತಂಪ್ ಅನಸ್ತದ!" ತಂಪು ತೋಳಗಳು ನಮ್ಮನ್ನು ಕಚ್ಚಿಯೇ ಕಚ್ಚಿದವು.

ಭಾನುವಾರಕ್ಕಷ್ಟೇ ಮುಗಿಯುತ್ತದೆಂದು ತಿಳಿದಿರಾ? ಒಂದು ದಿನ ನಾನು ಪಾಠ ಮಾಡುತ್ತಿರುವಾಗ ಫೋನು ಬಿಡದೆ ಹೊಡೆದುಕೊಂಡಿತು. ಕಾಕುವಿಗೆ ಏನಾಯಿತೋ ಎಂದು ಮಕ್ಕಳೆದುರಿಗೇ ಎತ್ತಿದೆ.

"ಏನವ್ವಾ, ಎಲ್ಲಾರಿಗೂ ನಿದ್ದಿ ಬರಸು ಮಂತ್ರ ಒಂದದ. ತಗೊಳ್ಳೇನು?"

"ಕಾಕಾ, ನಾ ಕ್ಲಾಸಿನಾಗ ಪಾಠ ಮಾಡಾಕತ್ತೇನ್ರಿ!"

"ಹೌದಾ? ಹಂಗಾರ ನಿನಗ ಮಂತ್ರ ಯಾಕ ಬೇಕು, ಬಿಡು."

ಹಿಂದಿನ ಬೆಂಚಿನ ಕಡೆ ನೋಡಿದೆ. ಕಾಕಾ ಸುಳ್ಳು ಹೇಳಿರಲಿಲ್ಲ.

ಹೀಗೆ ನಾವು ಭಾನುವಾರ ಬಿಡದೆ ಸೋಲುತ್ತ ಬಂದು ಕೊನೆಗೆ ಡ್ರ್ಯಾಗನ್ ಇರುವಲ್ಲಿಗೆ ಮುಟ್ಟಿದೆವು. ಮಗಳು ಬಸವಕಲ್ಯಾಣದ ಕೋಟೆಯನ್ನೇ ಕತೆಯೊಳಗೆ ತಂದು, ಬುರುಜಿನ ಮೇಲೆ ಡ್ರ್ಯಾಗನ್ ಕೂರಿಸಿದ್ದಳು. ಅವತ್ತು ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ತೆವಳಿ, ನಾವು ಹುಮನಾಬಾದು ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಅಷ್ಟು ಹೊತ್ತು ಸಿಕ್ಕಿದ್ದರೂ ಕಾಕಾ ಮೂರೇ ಮಂತ್ರ ಆರಿಸಿದ್ದರು. "ನಾಲ್ಕನೇದು ನೋಡಿ ಹೇಳ್ತೀನಿ, ಅವಸರ ಏನದ?"

ಅವಸರ ಬಂದೇ ಬಂತು. ಡ್ರ್ಯಾಗನ್ ಉಗುಳಿದ ಬೆಂಕಿಗೆ ಆಯೇಶಾ ಕೆಳಗೆ ಬಿದ್ದಳು. ಇನ್ನೊಂದು ಏಟು ಬಿದ್ದರೆ ಅವಳ ಯೋಧೆ ಸತ್ತ ಹಾಗೆ, ಇಷ್ಟು ದಿನದ ಆಟ ಮುಗಿದ ಹಾಗೆ.

"ಮುತ್ಯಾ, ಈಗ ನಾಲ್ಕನೇ ಮಂತ್ರ ಆರಸ್ರಿ. ಇಲ್ಲಂದ್ರ ಎಲ್ಲಾ ಖಲಾಸ್!" ಎಂದಳು ಮಗಳು.

ದಿವಾನದ ಮೇಲೆ ರಟ್ಟುಗಳು ಹಾಸಿಯೇ ಇದ್ದವು. ಗಾಯ ಮಾಯಿಸುವ ಮಂತ್ರ ಎಲ್ಲಕ್ಕಿಂತ ಮುಂದೆ, ಕುರುಡನಿಗೂ ಕಾಣುವಂತೆ ಬಿದ್ದಿತ್ತು. ಕಾಕಾ ಅದನ್ನು ದಾಟಿ ಅತ್ತರಿನ ರಟ್ಟು ಎತ್ತಿದರು.

ಆಯೇಶಾ ಅಳುವುದೊಂದು ಬಾಕಿ. "ಮುತ್ಯಾ, ನಾ ಸಾಯಾಕತ್ತೇನ್ರಿ! ಅತ್ತರ ಯಾಕ್ರಿ?"

"ಮ್ಯಾಲ ಹೋಗುವಾಗ ವಾಸನಿ ಚೊಲೊ ಇರ್ಬೇಕವ್ವಾ" ಎಂದು ಕಾಕಾ ಆ ರಟ್ಟನ್ನು ಕಾಕುವಿನ ಮುಖದ ಮುಂದೆ ಹಿಡಿದರು.

ಫಟ್ಟೆಂದು ಸದ್ದಾಯಿತು. ಕಾಕುವಿನ ಎಡಗೈ ಕಾಕಾನ ಕೈಗೆ ಬಡಿದು ರಟ್ಟು ನೆಲಕ್ಕೆ ಬಿದ್ದಿತ್ತು. ಕಾಕುವಿನ ಮುಖ ಕೆಂಪಾಗಿತ್ತು, ತುಟಿ ಹೊಯ್ದಾಡುತ್ತಿತ್ತು. ಗಾಯ ಮಾಯಿಸುವ ರಟ್ಟನ್ನು ಆಯೇಶಾಳ ಕಡೆ ತಳ್ಳುತ್ತ, ಎಲ್ಲಿಂದಲೋ ಎಳೆದು ತಂದಂತೆ ಅಂದರು: "ಅ... ಅದಲ್ಲರಿ. ಇ... ಇದು."

ಆಯೇಶಾಗೆ ತಾನು ಬದುಕಿದ್ದೂ ಮರೆತುಹೋಗಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಕಾಕಾನನ್ನು ನೋಡಿದೆ, ಆಗ ಹೊಳೆಯಿತು. ಹುಟ್ಟಿದಾಗಿನಿಂದ ಮಾಲಿನ ನಡುವೆಯೇ ಬೆಳೆದ ಮನುಷ್ಯನಿಗೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯದೇ? ಭಾನುವಾರ ಭಾನುವಾರ ಅವರು ಹುಡುಕಿ ಹುಡುಕಿ ಎತ್ತುತ್ತಿದ್ದದ್ದು ಕೆಟ್ಟದ್ದನ್ನೇ. ಹೆಂಡತಿಗೆ ತಡೆಯಲಾಗದೆ ಒಂದು ದಿನ ಬೈದಾಳು ಎಂದು!

ಕಾಕಾ ಕಣ್ಣೊರೆಸಿಕೊಳ್ಳಲೂ ಇಲ್ಲ. ಕೈಯನ್ನು ರಟ್ಟುಗಳ ನಡುವೆ ಆಡಿಸಿ, ಕಪ್ಪೆಯಾಗುವ ಮಂತ್ರವನ್ನು ಎತ್ತಿ ಹಿಡಿದರು.

"ಹಂಗಾರ ಇದು ತಗೊಳ್ಳೇನು?"

"ಅ... ಅದೂ ಅಲ್ಲರಿ!" ಎಂದರು ಕಾಕು, ಈ ಸಲ ಜೋರಾಗಿ.

ಕಾಕಾ ಇನ್ನೊಂದು ಕೆಟ್ಟ ಮಂತ್ರಕ್ಕೆ ಕೈ ಹಾಕಿದರು.