ನೂರು ಸೀರೆಗೆ ಒಂದು ಕಿಲೋಮೀಟರ್

ನಾನು ದಿನಾ ಐದು ಕಿಲೋಮೀಟರ್ ನಡೆಯುವ ಹೆಂಗಸು. ನಾರಾಯಣಪೇಟೆಯಲ್ಲಿ ಈ ಮಾತನ್ನು ನಾನು ಹೇಳದ ಮನೆಯಿಲ್ಲ. ಗದ್ವಾಲದಲ್ಲಿರುವ ತಂಗಿಗೆ ಫೋನ್ ಮಾಡಿ ಹೇಳಿದ್ದೇನೆ. ಅವಳು ಕೇಳಿರಲಿಲ್ಲ, ಆದರೂ ಹೇಳಿದ್ದೇನೆ.

ಇದಕ್ಕೆ ಸಾಕ್ಷಿ ನನ್ನ ಎಡಗೈಯ ಗಡಿಯಾರ. ಬರೀ ಗಂಟೆ ತೋರಿಸುವಂಥದಲ್ಲ, ಓಡುವವರ ಗಡಿಯಾರ. ನಾವು ನಡೆದ ದೂರವನ್ನು ಆಕಾಶದ ಉಪಗ್ರಹಗಳನ್ನು ವಿಚಾರಿಸಿ ತಿಳಿದುಕೊಂಡು, ಇಷ್ಟಿಷ್ಟು ದೂರಕ್ಕೆ ಒಮ್ಮೆ ಕೂಗುತ್ತದೆ. ನಮ್ಮ ಯಜಮಾನರಿಗೆ ಅವರ ಪೊಲೀಸ್ ಗೆಳೆಯರೊಬ್ಬರು ಕೊಟ್ಟದ್ದು. "ಒಂದು ಕೂಗಂದ್ರ ಒಂದು ಕಿಲೋಮೀಟರ್, ತಿಳೀತಿಲ್ಲ?" ಎಂದು ಯಜಮಾನರು ನನಗೆ ಹೇಳಿದ್ದರು. ಡಾಕ್ಟರು ನನ್ನ ಸಕ್ಕರೆ ಕಾಯಿಲೆಗೆ ದಿನಕ್ಕೆ ಐದು ಕಿಲೋಮೀಟರ್ ನಡಿಗೆ ಬರೆದುಕೊಟ್ಟಿದ್ದರು. ಸಂಜೆ ಮಗ್ಗದಿಂದ ಎದ್ದು ಇಬ್ಬರೂ ಹೊರಡುತ್ತಿದ್ದೆವು. ಐದು ಕೂಗಾದ ಮೇಲೆ ಚಾಚಾನ ಹೋಟೆಲಿನಲ್ಲಿ ಚಹಾ ಕುಡಿದು ಮನೆಗೆ.

ಅವರು ಹೋಗಿ ಎಂಟು ತಿಂಗಳಾಯಿತು. ಗಡಿಯಾರ ನನ್ನ ಕೈಗೆ ಬಂತು. ಅದರೊಳಗೆ ಎಲ್ಲ ನಡಿಗೆಗಳೂ ಪಟ್ಟಿಯಾಗಿ ಕುಳಿತಿವೆಯಂತೆ. ಅವರವು ಕೆಳಗೆ, ನನ್ನವು ಮೇಲೆ. ಅಂಕಿಗಳು ಸಾಸಿವೆಗಿಂತ ಸಣ್ಣ. ನನ್ನ ಕನ್ನಡಕಕ್ಕೆ ಸಿಗುವುದಿಲ್ಲ. ನನಗೆ ಗೊತ್ತಿರುವುದು ಕೂಗು ಮಾತ್ರ. ಓದಲಾಗದಿದ್ದರೂ ಅವು ಒಳಗಿವೆ ಎಂಬುದೇ ನನಗೆ ಸಾಕಾಗಿತ್ತು.

ಹೀಗಿರುವಾಗ, ತೆಲಂಗಾಣ ರಾಜ್ಯ ಬಂದ ದಿನದ ಸಂಭ್ರಮಕ್ಕೆ ಊರಿನಲ್ಲಿ ಹೆಣ್ಣುಮಕ್ಕಳಿಗೆ ಐದು ಕಿಲೋಮೀಟರ್ ನಡಿಗೆ ಇಟ್ಟರು. ಪೂರ್ತಿ ನಡೆದವರಿಗೆಲ್ಲ ಪದಕ. ನಾನು ಹೆಸರು ಬರೆಸಿದೆ. ಪಕ್ಕದ ಮನೆಯಲ್ಲಿರುವ ನನ್ನ ನಾದಿನಿ ಮಾದೇವಿ ಓಡಿ ಬಂದಳು.

"ವೈನಿ, ನಿಮಗ್ಯಾಕ ಬೇಕ್ರಿ ಇದು? ಮೊನ್ನೆ ಮಾಳಿಗಿ ಹತ್ತಾಕ ಮೂರು ಕಡಿ ಕುಂತೀರಿ."

"ಅದು ಮ್ಯಾಲಕ ಹತ್ತೋದು. ಇದು ಉದ್ದಕ ನಡಿಯೋದು. ನಿನಗ ತಿಳಿಯಂಗಿಲ್ಲ ಸುಮ್ನಿರು," ಎಂದೆ.

ಆ ದಿನ ನಾನು ಬಹಳ ಚೆನ್ನಾಗಿ ನಡೆದೆ. ಐದನೆಯ ಕೂಗು ಬಂತು. ಎರಡೂ ಕೈ ಎತ್ತಿ ಜನರಿಗೆ ನಮಸ್ಕಾರ ಮಾಡಿ, ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತೆ. ವಿಚಿತ್ರವೆಂದರೆ, ಉಳಿದ ಹೆಂಗಸರು ನಿಲ್ಲದೆ ಮುಂದೆ ಹೋಗುತ್ತಲೇ ಇದ್ದರು. ಪಾಪ, ಅವರ ಕೈಯಲ್ಲಿ ಗಡಿಯಾರವಿರಲಿಲ್ಲ!

ನೀರು ಹಂಚುತ್ತಿದ್ದ ಹುಡುಗಿಯೊಬ್ಬಳು ಓಡಿ ಬಂದಳು. "ಅಮ್ಮಾ, ಏಮೈಂದಿ?"

"ಏನೂ ಆಗಿಲ್ಲವ್ವಾ, ನಂದು ಮುಗೀತು. ಪದಕ ಎಲ್ಲೈತಿ?"

"ಇನ್ನೂ ಎರಡು ಕಿಲೋಮೀಟರ್ ಐತಮ್ಮಾ!"

ನಾನು ಎದ್ದು ನಿಂತು, ಆಕೆಗೆ ಸಮಾಧಾನವಾಗಿಯೇ ತಿಳಿಸಿದೆ: ನಿಮ್ಮ ರಸ್ತೆಯ ಅಳತೆ ತಪ್ಪಾಗಿದೆ, ಸಂಬಂಧಪಟ್ಟವರ ಗಮನಕ್ಕೆ ತರತಕ್ಕದ್ದು. ಹುಡುಗಿ ನನ್ನ ಮುಖ ನೋಡಿದಳು, ನೆತ್ತಿಯ ಮೇಲಿನ ಬಿಸಿಲು ನೋಡಿದಳು, ಆಂಬುಲೆನ್ಸ್ ಕರೆದಳು. ಇಬ್ಬರು ನನ್ನನ್ನು ಎತ್ತಿ ಒಳಗೆ ಮಲಗಿಸಿದರು. ಗುರಿಯ ಬಳಿಯಿದ್ದ ಡಾಕ್ಟರ ಕಡೆ ಹೋಗುವ ದಾರಿಯಲ್ಲಿ ಗಡಿಯಾರ ಮತ್ತೆ ಮೂರು ಸಲ ಕೂಗಿತು. ಒಟ್ಟು ಎಂಟು ಕಿಲೋಮೀಟರ್! ಆ ನಡಿಗೆಯಲ್ಲಿ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದವಳು ನಾನೇ. ಮಲಗಿಕೊಂಡು.

ಪದಕ ಕೊಡಲಿಲ್ಲ.

ಮನೆಗೆ ಬಂದು ಯೋಚಿಸಿದೆ. ರಸ್ತೆ ಸುಳ್ಳಾಗಿರಬೇಕು, ಇಲ್ಲವೇ ಗಡಿಯಾರ ಸುಳ್ಳಾಗಿರಬೇಕು. ಗಡಿಯಾರ ಸುಳ್ಳಾದರೆ ಅದರೊಳಗಿರುವ ಅವರ ನಡಿಗೆಗಳೂ ಸುಳ್ಳು. ಅದು ನನ್ನಿಂದ ಆಗುವ ಮಾತಲ್ಲ. ಆದ್ದರಿಂದ ರಸ್ತೆಯೇ ಸುಳ್ಳೆಂದು ತೀರ್ಮಾನಿಸಿ, ಅದನ್ನು ಅಳೆಯಲು ಹೊರಟೆ.

ನೇಕಾರರ ಮನೆಯಲ್ಲಿ ಅಳತೆಗೇನು ಕೊರತೆ? ರವಿಕೆ ಕಣ ಸೇರಿ ನಮ್ಮ ಒಂದು ಸೀರೆ ಆರು ಮೀಟರ್ ಇಪ್ಪತ್ತು ಸೆಂಟಿ. ಹತ್ತು ಸೀರೆಯುದ್ದದ ನೂಲು ಕತ್ತರಿಸಿದೆ. ಎಳೆದಾಗ ಹರಿಯಬಾರದೆಂದು, ಮಗ್ಗದ ಹಾಸುನೂಲಿಗೆ ಹಾಕುವಂತೆ ಅದಕ್ಕೂ ಗಟ್ಟಿಯಾಗಿ ಗಂಜಿ ಹಾಕಿ ಒಣಗಿಸಿದೆ. ಬೆಳಿಗ್ಗೆ ಒಂದು ತುದಿ ಮಾದೇವಿ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಆರು ಸಲ ಎಳೆದು ಗುರುತು ಹಾಕಿದ್ದೆವು, ಅಷ್ಟರಲ್ಲಿ ಕುರಿಮಂದೆ ಬಂತು.

ಅಕ್ಕಿ ಗಂಜಿಯ ವಾಸನೆ ನಮಗಿಂತ ಕುರಿಗಳಿಗೆ ಚೆನ್ನಾಗಿ ಗೊತ್ತು! ನಾವು ಬಾಯಿ ತೆರೆಯುವುದರೊಳಗೆ ಮೂರು ಸೀರೆಯುದ್ದ ಒಳಗೆ ಹೋಗಿತ್ತು. ನಾನು ಈ ಕಡೆಯಿಂದ ಎಳೆದೆ, ಒಂದು ಟಗರು ಆ ಕಡೆಯಿಂದ ಎಳೆಯಿತು. ಗೆದ್ದದ್ದು ಟಗರು.

ಕುರುಬರ ಹಿರಿಯ ಕೋಲೂರಿ ನಿಂತ. "ಯವ್ವಾ, ರಸ್ತಾದ ಮ್ಯಾಲ ಮಗ್ಗ ಹೂಡೀರೇನು? ಬೀರಪ್ಪನಾಣೆ, ನನ್ನ ಕುರಿ ಹೊಟ್ಯಾಗ ಸೀರಿ ಆದ್ರ ಯಾರು ಜವಾಬು?"

"ಆಗ್ಲಿ ಬಿಡ್ರಿ ಯಜ್ಜಾ," ಎಂದಳು ಮಾದೇವಿ, "ಅಂಚು ನಮ್ಮ ವೈನಿ ಹಾಕಿ ಕೊಡ್ತಾರ."

ಮರುದಿನ ಗಂಜಿ ಇಲ್ಲದ ದಪ್ಪ ದಾರದಿಂದ ಅಳೆದೆವು. ಎರಡು ಸಲ ಅಳೆದರೂ ಉತ್ತರ ಒಂದೇ. ಗಡಿಯಾರ ಕೂಗುತ್ತಿದ್ದುದು ಸರಿಯಾಗಿ ನೂರು ಸೀರೆಗೆ. ಅಂದರೆ ಆರುನೂರಾ ಇಪ್ಪತ್ತು ಮೀಟರ್. ರಸ್ತೆ ನಿರಪರಾಧಿ.

ಬಸ್ಸು ಹತ್ತಿ ಮಕ್ತಲ್‌ಗೆ ಹೋದೆ. ಅಲ್ಲಿ ಗಡಿಯಾರ ರಿಪೇರಿಯ ಒಂದು ಅಂಗಡಿ ಇದೆ. ಅಂಗಡಿಯವರು ನನ್ನ ಕಥೆ ಅರ್ಧ ಕೇಳಿ, "ಎಲ್ಲಾ ಅಳಿಸಿ ಹೊಸದರಂಗ ಮಾಡ್ತೀನ್ರಿ ಅಮ್ಮಾ. ಎರಡು ನಿಮಿಷದ ಕೆಲಸ," ಎಂದು ಗುಂಡಿ ಒತ್ತಲು ಬೆರಳಿಟ್ಟರು.

"ಒಳಗಿದ್ದದ್ದು?"

"ಅದೂ ಹೋಗ್ತೈತಿ. ಏನೈತ್ರಿ ಒಳಗ?"

ನಾನು ಗಡಿಯಾರ ಕಿತ್ತುಕೊಂಡೆ. ಅಷ್ಟು ಚುರುಕು ನನ್ನಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ. ನಡಿಗೆಯ ದಿನ ಅದರಲ್ಲಿ ಅರ್ಧ ಇದ್ದಿದ್ದರೂ ಪದಕ ಸಿಗುತ್ತಿತ್ತು. ಅವರ ಸಣ್ಣ ತಿರುಪುಳಿ ಹಾರಿ ಎದುರಿನ ಚಹಾದ ಲೋಟದಲ್ಲಿ ಬಿತ್ತು.

"ನಮ್ಮ ಯಜಮಾನರು ಅದಾರ," ಎಂದೆ.

ಅಂಗಡಿಯವರು ಲೋಟದಿಂದ ತಿರುಪುಳಿ ಹೆಕ್ಕಿದರು. ಆಮೇಲೆ ಕೈ ಒರೆಸಿಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, "ಅಳಿಸಂಗಿಲ್ಲ, ಬರೇ ನೋಡ್ತೀನಿ. ಕೊಡ್ರಿ," ಎಂದರು. ನೋಡಿದರು.

"ಇದು ಕೆಟ್ಟಿಲ್ರಿ ಅಮ್ಮಾ. ಎಷ್ಟು ದೂರಕ್ಕ ಕೂಗಬೇಕು ಅನ್ನೋದನ್ನ ಯಾರೋ ಕೈಯಿಂದ ಬದಲಿ ಮಾಡ್ಯಾರ. ಒಂದು ಕಿಲೋಮೀಟರ್ ಇರೋದನ್ನ ಪಾಯಿಂಟ್ ಆರು ಎರಡು ಇಟ್ಟಾರ. ಮತ್ತ ಒಂದು ಅಂತ ಇಡ್ಲೇನು? ಒಳಗಿನದು ಏನೂ ಹೋಗಂಗಿಲ್ಲ."

"ಬ್ಯಾಡ್ರಿ. ಅವರ ಕೊನೇದು ಓದ್ರಿ."

ನಾನು ಹೇಳಿದ ತಾರೀಖು ಹುಡುಕಿ ಓದಿದರು. ಮೂರು ಪಾಯಿಂಟ್ ಒಂದು ಕಿಲೋಮೀಟರ್. ಐದು ಕೂಗು. ನಡೆದ ದೂರ ಖರೆ ಇತ್ತು. ಸುಳ್ಳಿದ್ದದ್ದು ನನಗೆ ಹೇಳಿದ ಲೆಕ್ಕ ಮಾತ್ರ.

ವಾಪಸು ಬಸ್ಸಿನಲ್ಲಿ ನನ್ನ ಕಣ್ಣು ತುಂಬಿತು. ನೂರು ಸೀರೆ! ನಮ್ಮ ಯಜಮಾನರು ಹುಟ್ಟಾ ನೇಕಾರರು, ಕಿಲೋಮೀಟರ್ ಬಿಟ್ಟು ಸೀರೆಯ ಲೆಕ್ಕಕ್ಕೆ ಗಡಿಯಾರ ಹೊಂದಿಸಿದ್ದಾರೆ! ಪಕ್ಕದ ಸೀಟಿನ ಹೆಂಗಸಿಗೆ ಹೇಳಿದೆ, ಆಕೆಯೂ ಕಣ್ಣೊರೆಸಿಕೊಂಡಳು. ಇಳಿದವಳೇ ಚಾಚಾನ ಹೋಟೆಲಿಗೆ ಹೋಗಿ ಅದನ್ನೇ ಹೇಳಿದೆ.

ಚಾಚಾ ಎಣ್ಣೆಯಿಂದ ಮಿರ್ಚಿ ಬಜ್ಜಿ ಎತ್ತುತ್ತಿದ್ದ ಝಾರಿ ಕೆಳಗಿಟ್ಟು ಗಡ್ಡ ಕೆರೆದುಕೊಂಡ. "ಸೀರಿ ಗೀರಿ ಏನಿಲ್ಲಕ್ಕಾ. ಭಾಯಿ ಎರಡು ದಿನ ಇದೇ ಬೆಂಚಿನ ಮ್ಯಾಲ ಕುಂತು ಗುಂಡಿ ಒತ್ತಿದ್ರು. ಐದನೇ ಕೂಗು ನನ್ನ ಕಡಾಯಿ ಮುಂದನ ಬೀಳಬೇಕು ಅಂತ."

"ಯಾಕ?"

"'ಖರೇ ಐದು ಅಂದ್ರ ಅಕಿ ಎರಡಕ್ಕ ಹೊಳ್ಳಿ ಮನಿಗಿ ಹೋಗ್ತಾಳ. ಅಕಿ ಸಕ್ಕರಿ ಇಳಿಯಂಗಿಲ್ಲ, ನನಗ ಮಿರ್ಚಿ ಸಿಗಂಗಿಲ್ಲ' ಅಂದ್ರು."

ನಾನು ಬೆಂಚಿನ ಮೇಲೆ ಕುಳಿತೆ. ಚಾಚಾ ಏನೂ ಕೇಳದೆ ಎರಡು ಮಿರ್ಚಿ ತಂದಿಟ್ಟ. ಒಂದು ನನ್ನ ಪಾಲಿನದು. ಇನ್ನೊಂದನ್ನೂ ನಾನೇ ತಿಂದೆ.

ಗಡಿಯಾರ ಹಾಗೆಯೇ ಇದೆ. ಈಗಲೂ ಯಾರಾದರೂ ಕೇಳಿದರೆ ದಿನಾ ಐದು ಕಿಲೋಮೀಟರ್ ಎಂದೇ ಹೇಳುತ್ತೇನೆ. ಮಾದೇವಿ ಆ ಕಡೆ ತಿರುಗಿ ಕೆಮ್ಮುತ್ತಾಳೆ. ನಾನೂ ಗಡಿಯಾರವೂ ಹೇಳುವುದು ಒಂದೇ ಸುಳ್ಳು. ಅದು ಹೇಳುವಾಗ ಏದುಸಿರು ಬಿಡುವುದಿಲ್ಲ, ಅಷ್ಟೆ.