ಮಿಲ್ಲಿನ ಹಿಂದಿನ ತಂಪಿನ ಕುರಿತು ಒಂದು ದೂರು

ಮಾನ್ಯ ಹೀಟ್ ಪಂಪ್ ಅವರೇ,

ಅಕ್ಕಿಆಲೂರಿನ ರೈಸ್ ಮಿಲ್ಲಿನ ಹಿಂದಿನ ಓಣಿಯವರೆಲ್ಲರ ಪರವಾಗಿ ತಮ್ಮ ತಗಡಿನ ಮೈಗೆ, ದಣಿವರಿಯದ ಫ್ಯಾನಿಗೆ, ಹಣೆಯ ಮೇಲೆ ಇನ್ನೂ ಮಾಸದ ಪೂಜೆಯ ಕುಂಕುಮಕ್ಕೆ ಅನಂತ ನಮಸ್ಕಾರಗಳು. ತಾವು ಕೆಟ್ಟು ನಿಂತ ಸಂಗತಿಯ ಬಗ್ಗೆಯೇ ಈ ಪತ್ರ. ತಪ್ಪೆಲ್ಲ ತಮ್ಮದೇ ಎಂಬುದನ್ನು ಮೊದಲೇ ವಿನಯದಿಂದ ತಿಳಿಸಿಬಿಡುವುದು ಲೇಸು.

ತಮಗಿಂತ ಮುಂಚೆ ಆ ಹುದ್ದೆಯಲ್ಲಿದ್ದ ಕಲ್ಲಿದ್ದಲಿನ ಬಾಯ್ಲರ್ ಸಾಹೇಬರ ಔದಾರ್ಯ ತಮಗೆ ಗೊತ್ತಿರಲಿಕ್ಕಿಲ್ಲ. ಕುದಿಸಿದ ಭತ್ತವನ್ನು ಒಣಗಿಸುವುದರ ಜೊತೆಗೆ ಅವರು ಓಣಿಯ ಪ್ರತಿ ಮನೆಯ ಸಂಡಿಗೆಗೂ ಒಗೆದ ಧೋತರಕ್ಕೂ ಜಾತಿಭೇದವಿಲ್ಲದೆ ಮಸಿ ಹಂಚುತ್ತಿದ್ದರು. ಮಿಲ್ಲಿನ ಗೋಡೆಗೆ ಹತ್ತಿದ ಮನೆಯ ಭರಮವ್ವನಿಗಂತೂ ದಮ್ಮಿನ ರೋಗವನ್ನೇ ದಯಪಾಲಿಸಿದ್ದರು. ಆಕೆ ಕೆಮ್ಮಿದರೆ ಮಿಲ್ಲು ಶುರುವಾಯಿತೆಂದು ನಾವು ತಿಳಿಯುತ್ತಿದ್ದೆವು. ಮಾಲೀಕರಿಗೆ ಪಾಳಿಯ ಹೊತ್ತು ಕೂಗಿ ಹೇಳುವ ಭೋಂಗಾದ ಖರ್ಚು ಉಳಿಯುತ್ತಿತ್ತು.

ಆ ಮಾಲೀಕರು, ಅಂದರೆ ಶಿವಯೋಗಿಯವರು, ಈ ಬೇಸಿಗೆಗೆ ತಮ್ಮನ್ನು ತಂದು ನಿಲ್ಲಿಸಿದರು. ಕರೆಂಟಿನಿಂದ ನಡೆಯುವ ತಾವು ಹೊರಗಿನ ಗಾಳಿಯೊಳಗಿನ ಬಿಸಿಯನ್ನು ಹೀರಿ ಭತ್ತಕ್ಕೆ ಊದುತ್ತೀರಿ, ಬಿಸಿ ಕಳೆದುಕೊಂಡ ಗಾಳಿಯನ್ನು ಹಿಂದಿನ ಓಣಿಗೆ ಬಿಡುತ್ತೀರಿ ಎಂದು ತಮ್ಮನ್ನು ಕೂಡಿಸಲು ಬಂದ ಮೆಕ್ಯಾನಿಕ್ ಮುಬಶೀರ ವಿವರಿಸಿದ. ಹೊಗೆ ನಿಂತಿತು. ಭರಮವ್ವ ಬಹಳ ವರ್ಷಗಳ ಮೇಲೆ ದಮ್ಮು ಕಟ್ಟದೆ, ದಿಂಬು ಏರಿಸದೆ ಮಲಗಿದಳು. ಅದು ಆಕೆಯ ಖಾಸಗಿ ವಿಷಯ. ನಮಗೆ ಸಂಬಂಧಪಟ್ಟದ್ದು ಹಿಂದಿನ ತಂಪು.

ಏಪ್ರಿಲ್ ಬಿಸಿಲಿನಲ್ಲಿ ಅಂಥ ತಂಪು! ನೆರೆಮನೆಯ ಹೂವಪ್ಪ ಹೊರಸು ತಂದು ಹಾಕಿದ. ಸವಣೂರಿನಿಂದ ವೀಳ್ಯದೆಲೆ ತರುವ ದಿಲ್ಶಾದ ಸಂತೆಯ ದಿನ ತನ್ನ ಎಲೆಯ ಕಟ್ಟುಗಳನ್ನು ತಮ್ಮ ಪಾದದ ಬಳಿ ಇಟ್ಟಳು. ಮಜ್ಜಿಗೆಯ ಗಡಿಗೆಗಳು ಬಂದವು, ಅವುಗಳ ಹಿಂದೆ ನಾನೂ ಬಂದೆ. ಆಗ ಹೂವಪ್ಪನಿಗೆ ಜ್ಞಾನೋದಯವಾಯಿತು: "ಇಂಥಾ ಥಂಡಿ ಗಾಳಿ ಸುಮ್ನ ಹರದು ಹೊಂಟೈತಲ್ರೋ, ದೇವರು ಮೆಚ್ತಾನೇನು? ಸುತ್ತೂ ತಾಡಪತ್ರಿ ಕಟ್ರಿ!" ಕಟ್ಟಿದೆವು. ರಾಶಿಗೆ ಹೊದಿಸುವ ದಪ್ಪ ತಾಡಪತ್ರಿ, ಒಂದು ಕಿಂಡಿಯನ್ನೂ ಬಿಡದೆ, ತಮ್ಮನ್ನೂ ಒಳಗೇ ಸೇರಿಸಿಕೊಂಡು.

ತಮ್ಮ ಅಪರಾಧ ಇಲ್ಲಿಂದ ಆರಂಭವಾಗುತ್ತದೆ. ತಾವು ಬಿಟ್ಟ ತಂಪನ್ನೇ ತಾವು ಮತ್ತೆ ಸೇವಿಸಬೇಕಾಗಿ ಬಂದಾಗ, ಅದರಲ್ಲಿ ಹೀರಲು ಬಿಸಿಯೇ ಉಳಿದಿಲ್ಲವೆಂಬ ಕ್ಷುಲ್ಲಕ ಕಾರಣ ಮುಂದಿಟ್ಟು, ಮೈತುಂಬ ಹಿಮ ಬೆಳೆಸಿಕೊಂಡು ನಿಂತುಬಿಟ್ಟಿರಿ. ಮಿಲ್ಲಿನೊಳಗೆ ಹಸಿ ಭತ್ತ ಹುಳಿ ವಾಸನೆ ಹೊಡೆಯಿತು. "ಈ ಡಬ್ಬಿ ನಂಬಿ ಕೆಟ್ಟೆ. ನಾಳೆ ಬಾಯ್ಲರಿಗೆ ಬೆಂಕಿ ಹಾಕ್ರಿ" ಎಂದರು ಶಿವಯೋಗಿಯವರು. ಗಾಳಿ ಬೇಕೆಂದು ಹೀಗೆ ಹಟ ಹಿಡಿಯುವುದು ತಮಗೆ ಶೋಭೆಯೇ, ಸ್ವಾಮಿ? ಭರಮವ್ವ ಇಷ್ಟು ವರ್ಷ ಉಸಿರಿಲ್ಲದೆಯೇ ಬಾಳ್ವೆ ಮಾಡಲಿಲ್ಲವೇ? ತಮ್ಮ ಕೈಲಿ ಒಂದು ಬೇಸಿಗೆ ಆಗಲಿಲ್ಲವೇ?

ಆಕೆಯೋ, ಬೆಂಕಿಯ ಸುದ್ದಿ ಕೇಳಿದ್ದೇ ಕುಡುಗೋಲು ಹಿಡಿದು ಬಂದು, ನಾವು ಒಳಗೆ ಮಲಗಿದ್ದಂತೆಯೇ ತಾಡಪತ್ರಿಯ ಹಗ್ಗಗಳನ್ನೆಲ್ಲ ಕೊಯ್ದುಹಾಕಿದಳು.

"ಯವ್ವಾ, ಶೆಕಿ ಭಾಳ ಐತಬೇ" ಎಂದ ಹೂವಪ್ಪ.

"ನಿನಗ ತಂಪು ಬೇಕಂದ್ರ ಬೇವಿನ ಗಿಡ ಐತಿ, ಹೋಗಿ ಕುಂದ್ರು. ನನಗ ಉಸರು ಬೇಕಂದ್ರ ಯಾ ಗಿಡದ ಬುಡಕ ಹೋಗ್ಲೋ, ಭಾಡ್ಯಾ?"

ಹೂವಪ್ಪ ಹೊರಸು ಹೊತ್ತು ಬೇವಿನ ಗಿಡದ ಕಡೆ ನಡೆದ, ಅವನ ಹಿಂದೆ ನಾವೂ. ಬಿಸಿಗಾಳಿ ತಾಗಿ ಹಿಮ ಕರಗಿತು, ತಾವು ಮತ್ತೆ ಗುಯ್‌ಗುಟ್ಟಿದಿರಿ, ಬಾಯ್ಲರಿಗೆ ತಂದ ಕಲ್ಲಿದ್ದಲು ಹೊರಗೇ ಉಳಿಯಿತು. ಆದ್ದರಿಂದ ನಮ್ಮ ನಮ್ರ ಬೇಡಿಕೆ ಇಷ್ಟೇ: ಇನ್ನು ಮುಂದೆ ತಾವು ಗಾಳಿಯನ್ನೇ ತೆಗೆದುಕೊಳ್ಳದೆ ತಂಪು ಕೊಡತಕ್ಕದ್ದು, ಆಗದಿದ್ದರೆ ಬೇವಿನ ಗಿಡದ ತನಕ ದಿನಾ ಮಧ್ಯಾಹ್ನ ತಾವೇ ನಡೆದು ಬರತಕ್ಕದ್ದು.

ಬೆವರುತ್ತ, ಬೇವಿನ ನೆರಳಿನಿಂದ,
ತಮ್ಮ ವಿಶ್ವಾಸಿ,
ಹಾಲೇಶ

ತಾ.ಕ.: ತಮಗೆ ಬರುವ ಕರೆಂಟಿನಲ್ಲಿ ಒಂದು ಪಾಲನ್ನು ದೂರದ ಊರುಗಳಲ್ಲಿ ಕಲ್ಲಿದ್ದಲು ಸುಟ್ಟೇ ಮಾಡುತ್ತಾರೆಂದು ಮುಬಶೀರ ಹೇಳಿದ. ತಂತಿಯ ಆ ತುದಿಯಲ್ಲೂ ಯಾರಾದರೂ ದಿಂಬು ಏರಿಸಿ ಮಲಗುತ್ತಿದ್ದರೆ ದಯವಿಟ್ಟು ವಿಳಾಸ ಕಳಿಸಿ. ನಾವು ಏನೂ ಮಾಡುವುದಿಲ್ಲ, ಆದರೆ ಭರಮವ್ವ ಕುಡುಗೋಲು ಮಸೆದಿಟ್ಟಿದ್ದಾಳೆ.