ಭಾವನ ಹತ್ತು ಗುಂಡುಗಳು

ನಮ್ಮ ಭಾವನಿಗೆ ಒಂದು ಕಣ್ಣು ಮುಚ್ಚಲು ಬರುತ್ತಿರಲಿಲ್ಲ. ಮುಚ್ಚಿದರೆ ಎರಡೂ ಒಟ್ಟಿಗೇ! ಐವತ್ತು ವರ್ಷ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಆದರೆ ಮಸ್ಕತ್ತಿನ ಹೊರಗಿನ ಗುಡ್ಡಗಳ ನಡುವೆ ಇದ್ದ ದೊಡ್ಡ ಶೂಟಿಂಗ್ ರೇಂಜ್ ಒಂದು ಶುಕ್ರವಾರ ಸಾರ್ವಜನಿಕರಿಗೂ ತೆರೆದಿರುತ್ತದೆ ಎಂಬ ಸುದ್ದಿ ಬಂತು ನೋಡಿ, ಮನೆಯ ನೆಮ್ಮದಿ ಖಲಾಸ್!

"ನಾವು ಮೂವರೂ ಹೋಗುವ. ನಾನು ಹೊಡೆಯುವುದೇ!" ಎಂದರು ಭಾವ.

ನಾನಾಗ ಅಕ್ಕ-ಭಾವನ ಜೊತೆ ಮಸ್ಕತ್ತಿನ ವಾದಿ ಅದಾಯ್‌ನ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೆ. ಭಾವ ಅಲ್ಲೇ ಒಂದು ಆಫೀಸಿನಲ್ಲಿ ಕಟ್ಟಡದ ನಕ್ಷೆ ಬಿಡಿಸುವವರು. ಮರುದಿನದಿಂದಲೇ ಕಣ್ಣು ಮಿಟುಕಿಸುವ ಅಭ್ಯಾಸ ಶುರು. ಮನೆಯಲ್ಲಿ ಮಾತ್ರವೇ? ಆಫೀಸಿನಲ್ಲಿಯೂ! ಈಜಿಪ್ಟಿನ ಮ್ಯಾನೇಜರು ಇವರನ್ನು ಬಾಗಿಲ ಹಿಂದೆ ಕರೆದು, "ಏನು ಗುಟ್ಟಿನ ವಿಷಯ?" ಎಂದು ಕೇಳಿದರಂತೆ. ತರಕಾರಿ ಅಂಗಡಿಯವನು ನಾಚಿಕೊಂಡು ಒಂದು ಕಟ್ಟು ಕೊತ್ತಂಬರಿ ಹೆಚ್ಚಿಗೆ ಹಾಕಿದ!

ಅಕ್ಕ ಗದರಿದಳು: "ಇನ್ನು ಕಣ್ಣು ಹೊಡೆಯುವುದಿದ್ದರೆ ನನ್ನೆದುರು ಮಾತ್ರ ಮಾರಾಯ್ರೇ!"

ಕೊನೆಗೆ ಅವಳೇ ಉಪಾಯ ಹೇಳಿದಳು. ಎಡಗಣ್ಣಿಗೆ ಕರವಸ್ತ್ರ ಕಟ್ಟುವುದು.

ಶುಕ್ರವಾರ ಬೆಳಿಗ್ಗೆ ಇಡ್ಲಿ ಕಟ್ಟಿಕೊಂಡು ಹೊರಟೆವು. ಅಬ್ಬಾ, ಎಂಥ ಜಾಗ! ಬೋಳು ಬೆಟ್ಟಗಳ ಬುಡದಲ್ಲಿ ಉದ್ದಕ್ಕೂ ಸಾಲಾಗಿ ಟಾರ್ಗೆಟ್ ಹಾಳೆಗಳು. ಒಂದೊಂದು ಗುಂಡಿಗೂ ಬೆಟ್ಟ ಎರಡೆರಡು ಸಲ ಗುಡುಗುತ್ತಿತ್ತು. ನನ್ನ ಎದೆಯೂ ಅದರ ಜೊತೆಗೇ!

ಭಾವನಿಗೆ ಒಂಬತ್ತನೇ ನಂಬರಿನ ಜಾಗ. ಪಕ್ಕದ ಹತ್ತನೆಯದರಲ್ಲಿ ಬಿಳಿ ಗಡ್ಡದ ಒಬ್ಬ ಒಮಾನಿ ಅಜ್ಜ. ಇಬ್ಬರಿಗೂ ಹತ್ತು ಹತ್ತು ಗುಂಡು. ಕಿವಿಗೆ ದಪ್ಪ ಮುಚ್ಚಳ, ಕಣ್ಣಿಗೆ ಕರವಸ್ತ್ರ, ಅಂಗಾತವಲ್ಲ, ಬೋರಲು ಮಲಗಿದ ಭಾವ! ಹಿಂದೆ ನಿಂತಿದ್ದ ಅಕ್ಕ, "ಉಸಿರು ಬಿಡಿ, ಉಸಿರು ಬಿಡಿ!" ಎಂದು ಕೂಗುತ್ತಿದ್ದಳು. ಕಿವಿ ಮುಚ್ಚಿದವರಿಗೆ ಕೇಳಬೇಕಲ್ಲ!

ಹತ್ತೂ ಹೊಡೆದು ಎದ್ದಾಗ ಅವರ ಮುಖದಲ್ಲಿ ಯುದ್ಧ ಗೆದ್ದ ಕಳೆ. "ಒಂದೂ ತಪ್ಪಿರಲಿಕ್ಕಿಲ್ಲ!"

ಹಾಳೆಗಳು ಬಂದವು. ಭಾವನ ಹಾಳೆಯಲ್ಲಿ ಒಂದೇ ಒಂದು ತೂತಿಲ್ಲ! ಅಜ್ಜನ ಹಾಳೆಯಲ್ಲಿ ಹದಿನೇಳು! ಅಜ್ಜ ಎಣಿಸಿದ, ಮತ್ತೆ ಎಣಿಸಿದ, ಆಕಾಶ ನೋಡಿ, "ಮಾಷಾ ಅಲ್ಲಾಹ್!" ಎಂದ. ರೇಂಜಿನ ಅಧಿಕಾರಿ ನಗು ತಡೆದುಕೊಂಡು ಒಂಬತ್ತನ್ನೂ ಹತ್ತನ್ನೂ ಬೆರಳು ಮಾಡಿ ತೋರಿಸಿದ. ಆಗ ಅಜ್ಜನಿಗೆ ಅರ್ಥವಾಯಿತು. ಭಾವನನ್ನು ತಬ್ಬಿಕೊಂಡು, ಹಿಂದಿಯಲ್ಲಿ, "ಮುಂದಿನ ಸಲವೂ ನನ್ನ ಪಕ್ಕವೇ ಮಲಗು ತಮ್ಮಾ!" ಎಂದು ಕಾಫಿ, ಖರ್ಜೂರ ಕೊಡಿಸಿದ.

"ಆ ಖಾಲಿ ಹಾಳೆ ಎಸೆಯಬೇಡಿ, ಊರಿಗೆ ಕಾಗದ ಬರೆಯಲಿಕ್ಕೆ ಆಗ್ತದೆ," ಎಂದಳು ಅಕ್ಕ.

ಹೇಳಿ ತಾನೇ ನಗಲು ಶುರುಮಾಡಿದಳು. ಕಾರು ಹತ್ತಿದರೂ ನಗು ನಿಲ್ಲಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹಾಗೇ ನಗುತ್ತಾ ನಗುತ್ತಾ ಅದು ಯಾವಾಗ ಅಳುವಾಯಿತೋ ನನಗೆ ಗೊತ್ತಾಗಲಿಲ್ಲ.

ಊರಿನಿಂದ ಅಮ್ಮ ತೀರಿಕೊಂಡ ಸುದ್ದಿಯ ಫೋನು ಬಂದು ಎರಡು ತಿಂಗಳಾಗಿತ್ತು. ನನಗೂ ಅಕ್ಕನಿಗೂ ಊರು ಮುಟ್ಟಲಾಗಿರಲಿಲ್ಲ. ಅಂದಿನಿಂದ ಅಕ್ಕ ಸರಿಯಾಗಿ ಅಡುಗೆ ಮಾಡಿದಳು, ಸರಿಯಾಗಿ ಮಾತಾಡಿದಳು. ಆದರೆ ಒಂದು ಸಲವೂ ಅತ್ತಿರಲಿಲ್ಲ.

ಭಾವ ಕಾರನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿದರು. ಅವಳ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಮೆಲ್ಲ ಒರೆಸುತ್ತಾ ಕೂತರು. ಸ್ವಲ್ಪ ಹೊತ್ತು ಬಿಟ್ಟು, ಹಿಂದಿನ ಸೀಟಿನಲ್ಲಿ ಹಲ್ಲು ಕಚ್ಚಿ ಕೂತಿದ್ದ ನನ್ನತ್ತ ತಿರುಗಿದರು.

"ನೀನೂ ಅಳು ಮಾರಾಯ. ನಿನಗೂ ಅಮ್ಮನೇ ಅಲ್ವಾ? ನಮಗೆ ಅರ್ಜೆಂಟ್ ಎಂತದೂ ಇಲ್ಲ."